ಪಟ್ಟಿಯಿಂದ ಉಂಗುರಕ್ಕೆ

ಪ್ರಿಯ ಓದುಗರೇ,

ನಮ್ಮ ಸಂಘದ ಕಾರ್ಯಕ್ರಮಕ್ಕೆ ಯಾರಾದರೂ ಪ್ರೊಫೆಸರು ಅತಿಥಿಯಾಗಿ ಬಂದರೆ ಅವರ ಪರಿಚಯ ಮಾಡಿಕೊಡುವ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತದೆ. ಕೈಗೆ ಒಂದು ಹಾಳೆ ಕೊಡುತ್ತಾರೆ. ಡಿಗ್ರಿ ಎಲ್ಲಿ, ಪಿಎಚ್‌ಡಿ ಎಲ್ಲಿ, ಯಾವ ವಿಶ್ವವಿದ್ಯಾಲಯದಲ್ಲಿ ಎಷ್ಟು ವರ್ಷ, ಎಷ್ಟು ಪ್ರಬಂಧ, ಯಾವ ಪ್ರಶಸ್ತಿ. ಓದುತ್ತೇನೆ, ಚಪ್ಪಾಳೆ ಬೀಳುತ್ತದೆ, ಮುಗಿಯಿತು. ಆದರೆ ಆ ಮನುಷ್ಯ ಇಷ್ಟು ವರ್ಷ ದಿನಾ ಬೆಳಿಗ್ಗೆ ಲ್ಯಾಬಿಗೆ ಹೋಗಿ ಏನು ಮಾಡುತ್ತಿದ್ದರು, ಯಾವ ಪ್ರಶ್ನೆ ಅವರ ತಲೆ ತಿನ್ನುತ್ತಿತ್ತು, ಎಲ್ಲಿ ತಪ್ಪು ದಾರಿ ಹಿಡಿದರು ಅನ್ನೋದು ಆ ಹಾಳೆಯಲ್ಲಿ ಇರುವುದಿಲ್ಲ. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿರುವ ವಿಷಯ.

ಹಾಗಾಗಿ ಈ ಸಲ ಸಂಪಾದಕೀಯದಲ್ಲಿ ಒಬ್ಬ ಫಾರ್ಮಕಾಲಜಿ ಪ್ರೊಫೆಸರ ಬಗ್ಗೆ ಬರೆಯುತ್ತೇನೆ. ಹೆಸರು ರಾಬರ್ಟ್ ಫರ್ಚ್‌ಗಾಟ್. ಅಮೆರಿಕದವರು. 1998ರಲ್ಲಿ ನೊಬೆಲ್ ಬಹುಮಾನ ಬಂತು, ಆಗ ಅವರಿಗೆ 82 ವರ್ಷ. ಬಹುಮಾನ ಬಂದಿದ್ದಕ್ಕೆ ಬರೆಯುತ್ತಿಲ್ಲ. ತಮ್ಮದೇ ಹಳೆಯ ಪ್ರಯೋಗದಲ್ಲಿ ಇದ್ದ ಒಂದು ದೋಷವನ್ನು 25 ವರ್ಷ ಆದ ಮೇಲೆ ತಾವೇ ಕಂಡುಹಿಡಿದು, ಅದನ್ನು ಮುಚ್ಚಿಡದೆ ಎಲ್ಲರ ಮುಂದೆ ಹೇಳಿದ ಮನುಷ್ಯ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಫಾರ್ಮಕಾಲಜಿ ಅಂದ ಕೂಡಲೇ ಔಷಧಿ ಅಂಗಡಿ ನೆನಪಾಗುವವರು ಜಾಸ್ತಿ. ಮಾತ್ರೆ ತಯಾರಿಸೋದು, ಕೊಡೋದು ಫಾರ್ಮಸಿಯವರ ಕೆಲಸ. ಆ ಮಾತ್ರೆ ದೇಹದೊಳಗೆ ಹೋಗಿ ಎಲ್ಲಿ ಅಂಟಿಕೊಳ್ಳುತ್ತದೆ, ಏನು ಮಾಡುತ್ತದೆ, ಎಷ್ಟು ಪ್ರಮಾಣದಲ್ಲಿ ಮಾಡುತ್ತದೆ, ಆಮೇಲೆ ದೇಹ ಅದನ್ನು ಏನು ಮಾಡುತ್ತದೆ ಅಂತ ಕೇಳೋದು ಫಾರ್ಮಕಾಲಜಿಯವರ ಕೆಲಸ. 1847ರಲ್ಲಿ ಈಗಿನ ಎಸ್ಟೋನಿಯಾದ ತಾರ್ತು ಊರಿನಲ್ಲಿ, ಆಗ ಅದಕ್ಕೆ ದೋರ್ಪಾತ್ ಅಂತ ಹೆಸರು, ರುಡಾಲ್ಫ್ ಬುಖ್‌ಹೈಮ್ ಅನ್ನುವವರು ತಮ್ಮ ಮನೆಯ ನೆಲಮಾಳಿಗೆಯಲ್ಲೇ ಮೊದಲ ಪ್ರಯೋಗಾಲಯ ಶುರು ಮಾಡಿದರು. ಅಮೆರಿಕಕ್ಕೆ ಈ ವಿಷಯ ಬಂದಿದ್ದು 1891ರಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜಾನ್ ಜೇಕಬ್ ಏಬಲ್ ಮೊದಲ ಪ್ರೊಫೆಸರ್ ಆದಾಗ. ಅಂದರೆ ಇದು ಇನ್ನೂ ಎಳೆಯ ಶಾಸ್ತ್ರವೇ.

ಫರ್ಚ್‌ಗಾಟ್ ಹುಟ್ಟಿದ್ದು 1916ರಲ್ಲಿ, ಸೌತ್ ಕೆರೊಲೈನಾದ ಚಾರ್ಲ್ಸ್‌ಟನ್‌ನಲ್ಲಿ. ಚಿಕ್ಕಂದಿನಲ್ಲಿ ಹಕ್ಕಿ ನೋಡುವ ಹುಚ್ಚು. 1937ರಲ್ಲಿ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದಿಂದ ಕೆಮಿಸ್ಟ್ರಿ ಡಿಗ್ರಿ, 1940ರಲ್ಲಿ ನಾರ್ತ್‌ವೆಸ್ಟರ್ನ್‌ನಿಂದ ಪಿಎಚ್‌ಡಿ. ಪಿಎಚ್‌ಡಿ ಬಯೋಕೆಮಿಸ್ಟ್ರಿಯಲ್ಲಿ, ಫಾರ್ಮಕಾಲಜಿಯಲ್ಲಿ ಅಲ್ಲ, ಇದು ಗಮನಿಸಬೇಕಾದ್ದು. ಆಮೇಲೆ ನ್ಯೂಯಾರ್ಕಿನಲ್ಲಿ ಕಾರ್ನೆಲ್ ಮೆಡಿಕಲ್ ಕಾಲೇಜಿನಲ್ಲಿ ಒಂಬತ್ತು ವರ್ಷ. ಅದು ಮಹಾಯುದ್ಧದ ಕಾಲ, ರಕ್ತ ಹೋಗಿ ರಕ್ತದೊತ್ತಡ ಕುಸಿದ ರೋಗಿಯ ದೇಹದಲ್ಲಿ ಏನಾಗುತ್ತದೆ ಅನ್ನುವುದರ ಮೇಲೆ ಕೆಲಸ. ರಕ್ತನಾಳದ ಜೊತೆ ಅವರ ನಂಟು ಶುರುವಾಗಿದ್ದು ಅಲ್ಲೇ ಇರಬೇಕು. 1949ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಫಾರ್ಮಕಾಲಜಿ ವಿಭಾಗಕ್ಕೆ ಹೋದರು. 1956ರಲ್ಲಿ ಬ್ರೂಕ್ಲಿನ್‌ನಲ್ಲಿರುವ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿಗೆ ವಿಭಾಗದ ಮುಖ್ಯಸ್ಥರಾಗಿ ಬಂದರು, ಅಲ್ಲೇ ಉಳಿದರು. 25 ವರ್ಷಕ್ಕೂ ಜಾಸ್ತಿ ಆ ವಿಭಾಗ ನಡೆಸಿದರು. ವೇದಿಕೆ ಮೇಲೆ ಓದುವ ಹಾಳೆಯಲ್ಲಿ ಇಷ್ಟೇ ಇರುತ್ತದೆ.

ಈಗ ಲ್ಯಾಬಿನೊಳಗೆ ಹೋಗೋಣ.

ಸೇಂಟ್ ಲೂಯಿಸ್‌ನಲ್ಲಿ ಅವರು ಒಂದು ವಿಧಾನ ರೂಪಿಸಿದರು. ಮೊಲದ ಮಹಾಧಮನಿ ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ. ಅದೊಂದು ಸಣ್ಣ ಕೊಳವೆ. ಕಿತ್ತಳೆ ಸಿಪ್ಪೆಯನ್ನು ಸುತ್ತಿ ಸುತ್ತಿ ಒಂದೇ ಎಳೆಯಾಗಿ ಬಿಡಿಸುವ ಹಾಗೆ ಆ ಕೊಳವೆಯನ್ನು ಸುರುಳಿಯಾಗಿ ಕತ್ತರಿಸಿದರೆ ಉದ್ದನೆಯ ಒಂದು ಪಟ್ಟಿ ಸಿಗುತ್ತದೆ. ಅದನ್ನು ಉಗುರುಬೆಚ್ಚಗಿನ ಉಪ್ಪುನೀರಿನ ಗಾಜಿನ ಪಾತ್ರೆಯಲ್ಲಿ ತೂಗುಹಾಕುತ್ತಾರೆ. ನೀರಿನ ಬಿಸಿ 37 ಡಿಗ್ರಿ, ಒಳಗೆ ಆಮ್ಲಜನಕದ ಗುಳ್ಳೆ ಬರುತ್ತಾ ಇರುತ್ತದೆ. ಪಟ್ಟಿಯ ಒಂದು ತುದಿ ಕೆಳಗೆ ಕಟ್ಟಿದೆ, ಇನ್ನೊಂದು ತುದಿ ದಾರದಿಂದ ಮೇಲಿನ ಕಡ್ಡಿಗೆ. ನೀರಿಗೆ ಒಂದು ತೊಟ್ಟು ಔಷಧಿ ಬಿಟ್ಟಾಗ ನಾಳದ ಸ್ನಾಯು ಬಿಗಿಯಾದರೆ ಕಡ್ಡಿ ಒಂದು ಕಡೆಗೆ, ಸಡಿಲವಾದರೆ ಇನ್ನೊಂದು ಕಡೆಗೆ ಹೋಗುತ್ತದೆ. ಆ ಏರಿಳಿತ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ. ಅಷ್ಟೇ ಉಪಕರಣ. ಆದರೆ ಮೊಲ ಸತ್ತ ಮೇಲೂ ಗಂಟೆಗಟ್ಟಲೆ ಜೀವಂತವಾಗಿರುವ ಆ ತುಂಡಿನಿಂದ ಎಷ್ಟೋ ವಿಷಯ ಕೇಳಬಹುದು, ಉತ್ತರ ಪ್ರತಿ ಸಲ ಗೆರೆಯಲ್ಲಿ ಸಿಗುತ್ತದೆ.

1953ರಲ್ಲಿ ಆ ವಿಧಾನದ ಬಗ್ಗೆ ಪ್ರಬಂಧ ಬಂತು. ಬೇರೆ ಬೇರೆ ದೇಶದ ಲ್ಯಾಬುಗಳು ಅದನ್ನು ಹಿಡಿದುಕೊಂಡವು. ಅದರಲ್ಲಿ ಒಂದು ಫಲಿತಾಂಶ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಇತ್ತು. ಅಸಿಟೈಲ್‌ಕೋಲೀನ್ ಅನ್ನುವ ವಸ್ತುವನ್ನು ಜೀವಂತ ಪ್ರಾಣಿಯ ರಕ್ತಕ್ಕೆ ಕೊಟ್ಟರೆ ರಕ್ತನಾಳ ಹಿಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಇದು ಆಗಲೇ ಎಲ್ಲರಿಗೂ ಗೊತ್ತಿದ್ದ ವಿಷಯ. ಫರ್ಚ್‌ಗಾಟರ ಪಟ್ಟಿಗೆ ಅದೇ ಅಸಿಟೈಲ್‌ಕೋಲೀನ್ ಹಾಕಿದರೆ ಪಟ್ಟಿ ಬಿಗಿಯಾಗುತ್ತಿತ್ತು. ಪೂರ್ತಿ ಉಲ್ಟಾ! ಅವರು ಕಂಡಿದ್ದನ್ನು ಕಂಡ ಹಾಗೆ ಬರೆದರು. ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಆ ಪ್ರಶ್ನೆ ಹಾಗೇ ಉಳಿಯಿತು, ಒಂದೆರಡು ವರ್ಷ ಅಲ್ಲ, 25 ವರ್ಷ.

ಆ 25 ವರ್ಷ ಅವರು ಸುಮ್ನೆ ಕೂತಿರಲಿಲ್ಲ. ಔಷಧಿ ಅಂಟಿಕೊಳ್ಳುವ ಜಾಗಕ್ಕೆ ರಿಸೆಪ್ಟರ್ ಅಂತಾರಲ್ಲ, ಆ ರಿಸೆಪ್ಟರುಗಳ ಲೆಕ್ಕಾಚಾರದಲ್ಲಿ ಅವರದು ದೊಡ್ಡ ಹೆಸರು. ಒಂದಷ್ಟು ರಿಸೆಪ್ಟರುಗಳನ್ನು ಬೇಕಂತಲೇ ಶಾಶ್ವತವಾಗಿ ಮುಚ್ಚಿಬಿಟ್ಟು, ಉಳಿದವುಗಳಿಂದ ಎಷ್ಟು ಕೆಲಸ ಆಗುತ್ತದೆ ಅಂತ ಅಳೆದು, ಔಷಧಿ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಅಂತ ಲೆಕ್ಕ ಹಾಕುವ ದಾರಿಯನ್ನು 1966ರಲ್ಲಿ ತೋರಿಸಿದರು. ಇವತ್ತಿಗೂ ಫಾರ್ಮಕಾಲಜಿ ಓದುವ ಮಕ್ಕಳು ಅದನ್ನು ಕಲಿಯುತ್ತಾರೆ. ಇನ್ನೊಂದು ಆಸಕ್ತಿ ನನಗೆ ಬಹಳ ಇಷ್ಟವಾದದ್ದು: ಬೆಳಕು. ರಕ್ತನಾಳದ ಪಟ್ಟಿಯ ಮೇಲೆ ಬೆಳಕು ಬಿದ್ದರೆ ಅದು ಸಡಿಲವಾಗುತ್ತದೆ ಅಂತ ಅವರು ಸೇಂಟ್ ಲೂಯಿಸ್‌ನಲ್ಲಿದ್ದಾಗಲೇ ಕಂಡುಕೊಂಡಿದ್ದರು. ಬೇರೆ ಯಾರಾದರೂ ಆಗಿದ್ದರೆ ಪರದೆ ಎಳೆದು ಮುಂದಿನ ಕೆಲಸ ನೋಡುತ್ತಿದ್ದರೇನೋ. ಇವರು ಅದನ್ನೇ ಒಂದು ವಿಷಯ ಮಾಡಿಕೊಂಡು ಅಳೆದರು, 1980ರ ದಶಕದಲ್ಲಿ ಮತ್ತೆ ಅದಕ್ಕೆ ವಾಪಸ್ ಬಂದರು.

1978ರ ಮೇ ತಿಂಗಳು. ಫರ್ಚ್‌ಗಾಟರಿಗೆ 61 ವರ್ಷ ತುಂಬಿ 62 ಹತ್ತಿರ. ಬೇರೆ ಯಾವುದೋ ಪ್ರಯೋಗ ನಡೆಯುತ್ತಿತ್ತು. ಲ್ಯಾಬಿನ ತಂತ್ರಜ್ಞರು ಮೊದಲು ನಾಳವನ್ನು ನಾರ್‌ಎಪಿನೆಫ್ರಿನ್ ಹಾಕಿ ಬಿಗಿ ಮಾಡಬೇಕು, ಆಮೇಲೆ ಅದನ್ನು ಚೆನ್ನಾಗಿ ತೊಳೆದು ಕಾರ್ಬಕೋಲ್ ಹಾಕಬೇಕು. ಕಾರ್ಬಕೋಲ್ ಅಂದರೆ ಅಸಿಟೈಲ್‌ಕೋಲೀನಿನ ಹತ್ತಿರದ ನೆಂಟ. ಅವತ್ತು ನಡುವೆ ತೊಳೆಯುವುದು ಬಿಟ್ಟುಹೋಯಿತು. ಬಿಗಿಯಾಗಿದ್ದ ನಾಳಕ್ಕೇ ಕಾರ್ಬಕೋಲ್ ಬಿತ್ತು. ಇನ್ನೂ ಬಿಗಿಯಾಗಬೇಕಿದ್ದದ್ದು ಸಡಿಲವಾಯಿತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಇಂಥ ದಿನ ಏನು ಮಾಡುತ್ತಾರೆ ಅಂತ. ಹಂತ ತಪ್ಪಿದೆ, ಈ ಫಲಿತಾಂಶ ಲೆಕ್ಕಕ್ಕಿಲ್ಲ, ಎಸೆದು ನಾಳೆ ಮತ್ತೆ ಮಾಡು. ಬೈಗುಳ ಸೇರಿಕೊಂಡರೂ ಆಶ್ಚರ್ಯ ಇಲ್ಲ. ಫರ್ಚ್‌ಗಾಟ್ ಆ ಗೆರೆಯನ್ನೇ ಹಿಡಿದುಕೊಂಡು ಕೂತರು. 25 ವರ್ಷದಿಂದ ಅವರ ಕೈಯಲ್ಲಿ ಒಂದು ಸಲವೂ ಹೀಗೆ ಸಡಿಲವಾಗದ ನಾಳ ಇವತ್ತು ಯಾಕೆ ಆಯಿತು?

ಒಂದೊಂದಾಗಿ ಹುಡುಕಿದರು. ವ್ಯತ್ಯಾಸ ಔಷಧಿಯಲ್ಲಿ ಇರಲಿಲ್ಲ, ನಾಳವನ್ನು ಕತ್ತರಿಸಿದ ರೀತಿಯಲ್ಲಿ ಇತ್ತು. ಆ ದಿನ ಬಳಸಿದ್ದು ಸುರುಳಿ ಪಟ್ಟಿ ಅಲ್ಲ, ಬಳೆಯ ಹಾಗೆ ಅಡ್ಡಕ್ಕೆ ಕತ್ತರಿಸಿದ ಉಂಗುರ. ಸುರುಳಿಯಾಗಿ ಬಿಡಿಸುವಾಗ ನಾಳದ ಒಳಮೈ ಬೆರಳಿಗೋ ಬೇರೆ ಯಾವುದಕ್ಕೋ ಉಜ್ಜಿಹೋಗುತ್ತಿತ್ತು. ಉಂಗುರ ಮಾಡಿದಾಗ ಒಳಮೈಗೆ ಏನೂ ತಾಗುವುದಿಲ್ಲ. ಆ ಒಳಮೈ ಮೇಲೆ ಎಂಡೋಥೀಲಿಯಂ ಅಂತ ಒಂದು ಪದರ ಇದೆ, ದಪ್ಪ ಒಂದೇ ಒಂದು ಜೀವಕೋಶದಷ್ಟು. ಮೆಲ್ಲಗೆ ಒಂದು ಸಲ ಉಜ್ಜಿದರೆ ಹೋಯಿತು. ಅದು ಇದ್ದರೆ ಅಸಿಟೈಲ್‌ಕೋಲೀನಿಗೆ ನಾಳ ಸಡಿಲವಾಗುತ್ತದೆ, ಅದು ಹೋದರೆ ಬಿಗಿಯಾಗುತ್ತದೆ. ಅಂದರೆ 1953ರ ಆ ಉಲ್ಟಾ ಫಲಿತಾಂಶ ರಕ್ತನಾಳದ ಗುಣ ಆಗಿರಲಿಲ್ಲ, ತಮ್ಮದೇ ಕೈಯ ಕೆಲಸ. ಜಗತ್ತಿನ ಲ್ಯಾಬುಗಳಿಗೆ ತಾವೇ ಕಲಿಸಿದ ವಿಧಾನವೇ ಆ ಪದರವನ್ನು ಅಳಿಸಿಹಾಕುತ್ತಿತ್ತು.

ಇದನ್ನು ಅವರು 1980ರಲ್ಲಿ ಜಾನ್ ಜವಾಡ್ಸ್ಕಿ ಜೊತೆ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಜೊತೆಗಿದ್ದ ಇನ್ನೊಂದು ಪ್ರಯೋಗ ಎಷ್ಟು ಚಂದ ಅಂದರೆ ಶಾಲೆ ಮಕ್ಕಳಿಗೂ ಹೇಳಬಹುದು. ಒಳಪದರ ಉಜ್ಜಿ ತೆಗೆದ ಒಂದು ತುಂಡು, ಒಳಪದರ ಹಾಗೇ ಇರುವ ಇನ್ನೊಂದು ತುಂಡು. ಮೊದಲನೆಯದು ಒಂಟಿಯಾಗಿದ್ದಾಗ ಅಸಿಟೈಲ್‌ಕೋಲೀನಿಗೆ ಸಡಿಲವಾಗುವುದಿಲ್ಲ. ಎರಡನ್ನೂ ಒಳಮೈ ಒಳಮೈ ತಾಗುವ ಹಾಗೆ ಸ್ಯಾಂಡ್‌ವಿಚ್ ಥರ ಜೋಡಿಸಿದರೆ ಸಡಿಲವಾಗುತ್ತದೆ. ಬಿಡಿಸಿದರೆ ಮತ್ತೆ ಇಲ್ಲ. ಅಲ್ಲಿಗೆ ಒಂದು ಮಾತು ಖಾತ್ರಿಯಾಯಿತು, ಒಳಪದರದಿಂದ ಏನೋ ಒಂದು ಹೊರಟು ಪಕ್ಕದ ಸ್ನಾಯುವಿಗೆ ಹೋಗಿ ಸಡಿಲಿಸುತ್ತಿದೆ.

ಏನದು? ಕೆಲವೇ ಸೆಕೆಂಡಿನಲ್ಲಿ ಮಾಯವಾಗುವ ವಸ್ತು, ಹಿಡಿದು ಬಾಟಲಿಗೆ ಹಾಕೋಕೆ ಆಗಲ್ಲ. ಆರು ವರ್ಷ ಬೇಕಾಯಿತು. ಹಿಮೋಗ್ಲೋಬಿನ್ ಹಾಕಿದರೆ ಅದರ ಕೆಲಸ ನಿಲ್ಲುತ್ತದೆ. ಆಮ್ಲ ಬೆರೆಸಿದ ಸೋಡಿಯಂ ನೈಟ್ರೈಟ್ ಹಾಕಿದರೆ ಅದೇ ಥರದ ಕ್ಷಣಿಕ ಸಡಿಲಿಕೆ. 1986ರಲ್ಲಿ ಮಿನೆಸೋಟದ ರಾಚೆಸ್ಟರ್‌ನಲ್ಲಿ ನಡೆದ ಸಭೆಯಲ್ಲಿ ಫರ್ಚ್‌ಗಾಟ್ ಅದು ನೈಟ್ರಿಕ್ ಆಕ್ಸೈಡ್ ಇರಬೇಕು ಅಂದರು, ಆಮ್ಲ ಬೆರೆತ ನೈಟ್ರೈಟಿನಿಂದ ಹೊರಡುವುದೂ ಅದೇ. ಅದೇ ಸಭೆಯಲ್ಲಿ ಲೂಯಿಸ್ ಇಗ್ನಾರೋ ಅನ್ನುವ ಇನ್ನೊಬ್ಬ ಫಾರ್ಮಕಾಲಜಿ ವಿಜ್ಞಾನಿ ಕೂಡ ತಮ್ಮದೇ ದಾರಿಯಲ್ಲಿ ಅದೇ ಉತ್ತರಕ್ಕೆ ಬಂದಿದ್ದರು. ಹೌದು, ಗಾಡಿಯ ಹೊಗೆಯಲ್ಲಿ ಇರುವ ಅದೇ ಅನಿಲ! ದೇಹ ಅದನ್ನು ತಾನೇ ತಯಾರಿಸಿ ಸಂದೇಶ ಕಳಿಸೋಕೆ ಬಳಸುತ್ತದೆ ಅಂದರೆ ಆಗ ನಂಬುವುದು ಸುಲಭ ಇರಲಿಲ್ಲ. 1987ರಲ್ಲಿ ಇಂಗ್ಲೆಂಡಿನಲ್ಲಿ ಸಾಲ್ವಡೋರ್ ಮೊಂಕಾಡ ಅವರ ತಂಡ ಆ ಅನಿಲವನ್ನು ನೇರವಾಗಿ ಅಳೆದು ತೋರಿಸಿತು. ನನ್ನನ್ನು ನಿಜಕ್ಕೂ ತಟ್ಟಿದ ಒಂದು ವಿಷಯ ಹೇಳಲೇಬೇಕು: ಆ ಸೋಡಿಯಂ ನೈಟ್ರೈಟಿನ ಹೆಸರು 1953ರ ಅವರ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ. 33 ವರ್ಷ ಉತ್ತರ ಅವರ ಕಪಾಟಿನಲ್ಲೇ ಇತ್ತು.

ನನ್ನ ಅಪ್ಪನ ಅಂಗಿ ಜೇಬಿನಲ್ಲಿ ಕೊನೆಯ ಕೆಲವು ವರ್ಷ ಯಾವಾಗಲೂ ನಾಲಿಗೆ ಕೆಳಗೆ ಇಡುವ ಪುಟ್ಟ ಮಾತ್ರೆ ಇರುತ್ತಿತ್ತು. ಎದೆ ಹಿಡಿದ ಹಾಗಾದರೆ ಒಂದನ್ನು ಇಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಎರಡು ಮೂರು ನಿಮಿಷದಲ್ಲಿ ಮುಖ ತಿಳಿಯಾಗುತ್ತಿತ್ತು. ನೈಟ್ರೋಗ್ಲಿಸರಿನ್ ಜಾತಿಯ ಇಂಥ ಔಷಧಿಗಳನ್ನು ಡಾಕ್ಟರುಗಳು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಕೊಡುತ್ತಿದ್ದರು, ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ. ನೈಟ್ರೋಗ್ಲಿಸರಿನ್‌ನಿಂದ ಡೈನಮೈಟ್ ಮಾಡಿದ ಆಲ್‌ಫ್ರೆಡ್ ನೊಬೆಲ್‌ಗೇ 1896ರಲ್ಲಿ ಹೃದಯದ ತೊಂದರೆಗೆ ಅದನ್ನು ಬರೆದುಕೊಟ್ಟಿದ್ದರು. ಅದರಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ ಅಂತ 1977ರಲ್ಲಿ ಫೆರಿದ್ ಮುರಾದ್ ಅನ್ನುವ ಅಮೆರಿಕದ ವಿಜ್ಞಾನಿ ತೋರಿಸಿದರು. ಫರ್ಚ್‌ಗಾಟ್ ಮತ್ತು ಇತರರ ಕೆಲಸ ಸೇರಿದ ಮೇಲೆ ಚಿತ್ರ ಪೂರ್ತಿಯಾಯಿತು: ನಮ್ಮ ನಾಳದ ಒಳಪದರ ದಿನಾ ತಾನಾಗಿಯೇ ಮಾಡುವ ಕೆಲಸವನ್ನು ಆ ಮಾತ್ರೆ ಹೊರಗಿನಿಂದ ಮಾಡಿಕೊಡುತ್ತದೆ. ಶ್ವಾಸಕೋಶದ ರಕ್ತನಾಳ ತೆರೆಯದೆ ಒದ್ದಾಡುವ ಹಸುಗೂಸುಗಳಿಗೆ ಉಸಿರಿನ ಜೊತೆ ಇದೇ ಅನಿಲ ಕೊಡಲು ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಸಿಕ್ಕಿತು. ವಯಾಗ್ರ ಕೆಲಸ ಮಾಡುವುದೂ ಇದೇ ಸರಪಳಿಯ ಮುಂದಿನ ಒಂದು ಕೊಂಡಿಯ ಮೇಲೆ.

ನೊಬೆಲ್ ಬಂದಿದ್ದು ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ. ಮೊಂಕಾಡ ಹೆಸರು ಇರಲಿಲ್ಲ, ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವಂತಿಲ್ಲ ಅನ್ನುವುದು ಅಲ್ಲಿನ ನಿಯಮ. ಮೊಂಕಾಡ ಅವರನ್ನೂ ಸೇರಿಸಬಹುದಿತ್ತು ಅಂತ ಫರ್ಚ್‌ಗಾಟ್ ತಾವೇ ಬಹಿರಂಗವಾಗಿ ಹೇಳಿದರು. ಸ್ಟಾಕ್‌ಹೋಮ್‌ನ ಭಾಷಣದಲ್ಲಿ ತಂತ್ರಜ್ಞರು ತೊಳೆಯಲು ಮರೆತ ಆ ದಿನದ ಕಥೆಯನ್ನೂ ಬಿಡದೆ ಹೇಳಿದ್ದಾರೆ. ಇಂಥ ಜಾಗದಲ್ಲಿ ಎಷ್ಟು ಜನ ಹೇಳುತ್ತಾರೆ, ಹೇಳಿ? 2009ರ ಮೇ ತಿಂಗಳಲ್ಲಿ, 92ನೇ ವಯಸ್ಸಿನಲ್ಲಿ, ಸಿಯಾಟಲ್‌ನಲ್ಲಿ ತೀರಿಕೊಂಡರು.

ನಮ್ಮ ಸಂಘದಲ್ಲಿ ಲ್ಯಾಬುಗಳಲ್ಲಿ ಕೆಲಸ ಮಾಡುವ ಅಕ್ಕ, ಅಣ್ಣ, ತಂಗಿ, ತಮ್ಮಂದಿರು ಕಡಿಮೆ ಇಲ್ಲ. ಪಿಎಚ್‌ಡಿ ಮಾಡುತ್ತಿರುವ ಮಕ್ಕಳು ಇದ್ದಾರೆ, ನಿವೃತ್ತರಾದ ಹಿರಿಯರೂ ಇದ್ದಾರೆ. ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದು ಬರಹ ಬೇಕು. ಡಿಗ್ರಿ, ಹುದ್ದೆ, ಪ್ರಶಸ್ತಿ ಬಿಟ್ಟುಬಿಡಿ, ಅದನ್ನು ನಾವೇ ಎರಡು ಸಾಲಿನಲ್ಲಿ ಕೊನೆಗೆ ಹಾಕುತ್ತೇವೆ. ನಿಮ್ಮ ಲೆಕ್ಕಕ್ಕೆ ಸಿಗದೆ ಕಾಡಿದ ಒಂದು ಫಲಿತಾಂಶದ ಬಗ್ಗೆ ಬರೆಯಿರಿ. ಉತ್ತರ ಇನ್ನೂ ಸಿಕ್ಕಿಲ್ಲದಿದ್ದರೂ ಪರವಾಗಿಲ್ಲ. ಕನ್ನಡದಲ್ಲಿ ಟೈಪ್ ಮಾಡೋದು ಕಷ್ಟ ಅನ್ನುವವರು ಕೈಯಲ್ಲೇ ಬರೆದು ಫೋಟೋ ಕಳಿಸಿ, ಟೈಪ್ ನಾವು ಮಾಡಿಕೊಳ್ಳುತ್ತೇವೆ.

ಸಂಪಾದಕ