ಖರ್ಚು ನಿಂತಿತು, ಬೆಂಕಿ ಆರಿತು

ಮಾನ್ಯ ಸಂಪಾದಕರೇ,

ಕ್ರಿ.ಶ. 410ರಲ್ಲಿ ದೊರೆ ಅಲಾರಿಕ್‌ನ ಗಾಥ್ ಜನರ ಪಡೆ ರೋಮ್ ನಗರವನ್ನು ಕೊಳ್ಳೆ ಹೊಡೆದಾಗ ಅಲ್ಲಿನ ಹಳೆಯ ದೇವತೆಗಳ ಪೂಜೆಯೂ ಕೊನೆಯಾಯಿತು ಎಂದು ನಿಮ್ಮ ಭಾನುವಾರದ ಪುರವಣಿಯ ಲೇಖನ ಹೇಳಿದೆ. ಅದು ಸರಿಯಲ್ಲ. ಆ ಹೊತ್ತಿಗಾಗಲೇ ರೋಮನ್ನರ ಒಲೆಯ ದೇವತೆ ವೆಸ್ಟಾಳ ಗುಡಿಯ ಅಖಂಡ ಬೆಂಕಿ ಆರಿ ಸುಮಾರು ಹದಿನೈದು ವರ್ಷವಾಗಿತ್ತು. ಯಾಕೆ ಆರಿತು ಎಂದು ತಿಳಿಯಲು ಆ ಪೂಜೆಗೆ ಎಷ್ಟು ಕೈಗಳು ದುಡಿಯುತ್ತಿದ್ದವು ಎಂಬುದನ್ನು ನೋಡಬೇಕು.

ರೋಮನ್ನರ ಬಲಿಗೆ ಉಪ್ಪು ಬೆರೆಸಿದ ಹಿಟ್ಟು ಬೇಕೇ ಬೇಕು. ಹೆಸರು ಮೋಲಾ ಸಾಲ್ಸಾ. ವೆಸ್ಟಾಳ ಆರು ಕನ್ಯಾ ಪೂಜಾರಿಣಿಯರಲ್ಲಿ ಹಿರಿಯ ಮೂವರು ಮೇ 7ರಿಂದ 14ರವರೆಗೆ ದಿನ ಬಿಟ್ಟು ದಿನ ತೆನೆ ಕೂಡಿಟ್ಟು, ಹುರಿದು, ಕುಟ್ಟಿ, ಬೀಸಿ ಇಡುತ್ತಿದ್ದರು. ಧಾನ್ಯ ಬೇರೆ ಯಾವುದೂ ಅಲ್ಲ, ನಮ್ಮ ಉತ್ತರ ಕರ್ನಾಟಕದ ಜವೆಗೋಧಿಯ ಜಾತಿಯದೇ. ಹರಳುಪ್ಪನ್ನು ಒರಳಲ್ಲಿ ಕುಟ್ಟಿ ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಜಿಪ್ಸಮ್ ಮೆತ್ತಿ, ಒಲೆಯಲ್ಲಿ ಸುಟ್ಟು, ಗಟ್ಟಿಯಾದ ಮೇಲೆ ಕಬ್ಬಿಣದ ಗರಗಸದಿಂದ ಕೊಯ್ಯಬೇಕು. ಎರಡನ್ನೂ ಬೆರೆಸುವುದು ವರ್ಷಕ್ಕೆ ಮೂರೇ ಸಲ: ಫೆಬ್ರುವರಿ 15, ಜೂನ್ 9, ಸೆಪ್ಟೆಂಬರ್ 13. ಪೂಜೆಯ ನೀರನ್ನು ನೆಲಕ್ಕೆ ಇಡುವಂತಿರಲಿಲ್ಲ. ಅದಕ್ಕೆಂದೇ ಬಾಯಿ ಅಗಲ, ತಳ ಚೂಪಾದ ಪಾತ್ರೆ. ಇಟ್ಟರೆ ಉರುಳಿ ಚೆಲ್ಲುತ್ತದೆ.

ಬಲಿಯ ಹೊತ್ತಿಗೆ ಪೂಜೆ ಮಾಡುವವನು ಉಡುಪಿನ ಅಂಚನ್ನು ತಲೆಯ ಮೇಲೆ ಎಳೆದುಕೊಂಡು, ಹೇಳಿಕೊಟ್ಟ ಪ್ರಾರ್ಥನೆಯನ್ನು ಅಕ್ಷರ ತಪ್ಪದಂತೆ ಒಪ್ಪಿಸುತ್ತಿದ್ದ. ಅಪಶಕುನದ ಸದ್ದು ಅವನ ಕಿವಿಗೆ ಬೀಳದಿರಲಿ ಎಂದು ಪಕ್ಕದಲ್ಲಿ ಕೊಳಲು. ಮಾತು ತಪ್ಪಿದರೆ ಮೊದಲಿಂದ ಶುರು. ಪಶುವಿನ ಯಕೃತ್ತಿನಲ್ಲಿ ದೋಷ ಕಂಡರೆ ಇನ್ನೊಂದು ಪಶು. ಇಷ್ಟೆಲ್ಲ ಮುಗಿದ ಮೇಲೂ ಒಂದು ಷರತ್ತು ಉಳಿಯುತ್ತಿತ್ತು, ನಿಮ್ಮ ಲೇಖನ ಬಿಟ್ಟಿರುವುದು ಅದನ್ನೇ: ನಾಡಿನ ಹೆಸರಿನ ಪೂಜೆಗೆ ನಾಡಿನ ಬೊಕ್ಕಸದ ಹಣವೇ ಆಗಬೇಕು.

382ರಲ್ಲಿ ಕ್ರೈಸ್ತ ಚಕ್ರವರ್ತಿ ಗ್ರೇಷಿಯನ್ ಕೈ ಹಾಕಿದ್ದು ಇಲ್ಲಿಗೆ. ಗುಡಿಗಳಿಗೆ ಬೀಗ ಹಾಕಿಸಲಿಲ್ಲ. ವೆಸ್ಟಾಳ ಪೂಜಾರಿಣಿಯರಿಗೆ ಸಲ್ಲುತ್ತಿದ್ದ ಸಂಭಾವನೆ ನಿಲ್ಲಿಸಿದ, ಅವರಿಗೆ ಉಯಿಲಿನಲ್ಲಿ ಬಂದ ಜಮೀನನ್ನು ಬೊಕ್ಕಸಕ್ಕೆ ಸೇರಿಸಿದ, ಸೆನೆಟ್ ಸಭಾಂಗಣದಿಂದ ವಿಜಯದೇವಿಯ ಬಲಿಪೀಠವನ್ನು ತೆಗೆಸಿದ. 384ರಲ್ಲಿ ನಗರಾಧಿಕಾರಿ ಸಿಮ್ಮಾಕಸ್ ಇದನ್ನು ಹಿಂತೆಗೆದುಕೊಳ್ಳಿ ಎಂದು ಬರೆದ ಮನವಿಯನ್ನು ಇಂದು ಓದಿದರೂ ಮನಸ್ಸು ಕಲಕುತ್ತದೆ. ಮಿಲಾನಿನ ಬಿಷಪ್ ಆಂಬ್ರೋಸ್ ಅದು ಈಡೇರದಂತೆ ತಡೆದ.

ಸಿಮ್ಮಾಕಸ್‌ನಂಥ ಶ್ರೀಮಂತರು ಸ್ವಂತ ದುಡ್ಡಿನಲ್ಲಿ ನಡೆಸಬಹುದಿತ್ತಲ್ಲ ಎಂದು ಓದುಗರಿಗೆ ಅನಿಸಬಹುದು. ಆ ದುಡ್ಡಿನಲ್ಲಿ ನಡೆದದ್ದು ಮನೆಯ ಪೂಜೆಯಾಗುತ್ತಿತ್ತೇ ಹೊರತು ರೋಮ್‌ನದ್ದಲ್ಲ. ಬೊಕ್ಕಸದ ಖರ್ಚಿಲ್ಲದೆ ವಿಧಿ ಸಲ್ಲದು ಎಂದು ಸೆನೆಟರ್‌ಗಳು ಮುಂದಿನ ಚಕ್ರವರ್ತಿ ಥಿಯೋಡೋಸಿಯಸ್‌ಗೆ ಹೇಳಿದ್ದನ್ನೂ, ಸೈನ್ಯಕ್ಕೇ ಹಣ ಬೇಕಾಗಿದೆ ಎಂದು ಅವನು ಕೊಟ್ಟ ಉತ್ತರವನ್ನೂ ಇತಿಹಾಸಕಾರ ಜೋಸಿಮಸ್ ದಾಖಲಿಸಿದ್ದಾನೆ. 391ರ ಕಾಯ್ದೆ ಬಲಿಯನ್ನೂ ಗುಡಿಗೆ ಹೋಗುವುದನ್ನೂ ನಿಷೇಧಿಸಿತು. 392ರದ್ದು ಮನೆಯೊಳಗೇ ಬಂತು: ಗೃಹದೇವತೆಗೆ ಧೂಪ ಹಾಕುವುದು, ಮದ್ಯ ಎರೆಯುವುದು, ಮಾಲೆ ಕಟ್ಟುವುದು ಎಲ್ಲವೂ ಅಪರಾಧ. ವೆಸ್ಟಾಳ ಬೆಂಕಿ ಆರಿದ್ದು ಹೀಗೆ.

ಅಲಾರಿಕ್ ನಗರದಲ್ಲಿದ್ದದ್ದು ಮೂರು ದಿನ. ಅವನ ಮೇಲೆ ಹೊರಿಸಬೇಕಾದದ್ದು ಬೇಕಾದಷ್ಟಿದೆ, ಇದೊಂದನ್ನು ಬಿಟ್ಟು. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

– ಇತಿಹಾಸದ ಓದುಗ, ಧಾರವಾಡ