ಪ್ರಸಾರಕ ಕೊಡಗಿನಲ್ಲೇ ಉಳಿಯಲಿ

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಜನ ನೆಚ್ಚಿಕೊಂಡಿರುವ ಸ್ಥಳೀಯ ಎಫ್‌ಎಂ ಬಾನುಲಿಯ ಪ್ರಸಾರಕವನ್ನು (ಟ್ರಾನ್ಸ್‌ಮಿಟರ್) ಮೈಸೂರಿಗೆ ಸ್ಥಳಾಂತರಿಸುವ ಮಾತು ಕೇಳಿಬರುತ್ತಿರುವುದು ನಿಜಕ್ಕೂ ಆತಂಕದ ಸಂಗತಿ. ದೊಡ್ಡ ನಗರದಲ್ಲಿ ಕೇಳುಗರೂ ಜಾಹೀರಾತೂ ಹೆಚ್ಚು ಎಂಬ ಲೆಕ್ಕಾಚಾರ ಅರ್ಥವಾಗುತ್ತದೆ. ಆದರೆ 88ರಿಂದ 108 ಮೆಗಾಹರ್ಟ್ಸ್ ನಡುವಿನ ಎಫ್‌ಎಂ ತರಂಗಗಳು, ಮಧ್ಯಮ ತರಂಗಗಳಂತೆ (ಮೀಡಿಯಂ ವೇವ್) ನೆಲವನ್ನು ಅನುಸರಿಸಿ ದೂರ ಸಾಗದೆ ಬಹುಮಟ್ಟಿಗೆ ನೇರ ರೇಖೆಯಲ್ಲೇ ಚಲಿಸುವುದರಿಂದ, ಬೆಟ್ಟ ಅಡ್ಡ ಬಂದರೆ ಅದರ ಹಿಂದಿನ ಕಣಿವೆಯಲ್ಲಿ ದನಿ ಕ್ಷೀಣಿಸುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಿಂದ ಪ್ರಸಾರವಾದರೂ ಭಾಗಮಂಡಲದ ಕಡೆಯ ತಗ್ಗಿನ ಮನೆಗಳಲ್ಲಿ ರೇಡಿಯೊವನ್ನು ಕಿಟಕಿಯ ಬಳಿ ಇಟ್ಟು ಏರಿಯಲ್ ತಿರುಗಿಸುತ್ತಿರಬೇಕು. ಇನ್ನು ಸುಮಾರು 120 ಕಿ.ಮೀ. ದೂರದ, ಅದಕ್ಕಿಂತ ಬಹಳ ತಗ್ಗಿನಲ್ಲಿರುವ ಮೈಸೂರಿನಿಂದ ಹೊರಟ ದನಿ ಅಲ್ಲಿಗೆ ತಲುಪೀತೇ?

ಸ್ಟುಡಿಯೊ ಇಲ್ಲೇ ಇರುತ್ತದೆ, ಮೊಬೈಲ್ ಆ್ಯಪ್‌ನಲ್ಲಿ ಕೇಳಬಹುದು ಎಂಬ ಸಮಾಧಾನ ಸಾಲದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಭೂಕುಸಿತವಾದಾಗ ರಸ್ತೆಯೊಂದಿಗೆ ವಿದ್ಯುತ್ ಮತ್ತು ದೂರವಾಣಿ ಸಂಪರ್ಕವೂ ಕಡಿದುಹೋಗಿದ್ದನ್ನು ಜಿಲ್ಲೆ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಎರಡು ಸೆಲ್ ಹಾಕಿದ ಪುಟ್ಟ ರೇಡಿಯೊ ಕೆಲಸಕ್ಕೆ ಬರಬೇಕಾದರೆ ಪ್ರಸಾರಕ ಹತ್ತಿರದಲ್ಲಿರಬೇಕು, ಅದಕ್ಕೆ ಜನರೇಟರ್ ಬೆಂಬಲವೂ ಇರಬೇಕು. ಕೊಡವ ಮತ್ತು ಅರೆಭಾಷೆಯ ಕಾರ್ಯಕ್ರಮಗಳ ಕೇಳುಗರು ಹೆಚ್ಚಾಗಿ ಈ ಕಣಿವೆಗಳಲ್ಲೇ ಇದ್ದಾರೆ ಎಂಬುದನ್ನೂ ಗಮನಿಸಬೇಕು.

ನಗರದ ಕೇಳುಗರು ಬೇಕಿದ್ದರೆ ಅನುಮತಿ ಪಡೆದು ಅಲ್ಲೊಂದು ಮರುಪ್ರಸಾರ ಕೇಂದ್ರ ಸ್ಥಾಪಿಸಲಿ. ಯಾವುದೇ ತೀರ್ಮಾನಕ್ಕೆ ಮುನ್ನ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಕೇಳುಗರ ಸಭೆ ಕರೆದು ಅಭಿಪ್ರಾಯ ಪಡೆಯಬೇಕೆಂದು ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇನೆ.

– ಓರ್ವ ಕೇಳುಗ, ನಾಪೋಕ್ಲು