ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯ ನೀರು ಬದಲಾಯಿಸುವವರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಮಳೆ ಹಿಡಿದಿರುವ ಈ ದಿನಗಳಲ್ಲಿ ಪಣಂಬೂರಿನಿಂದಾಗಲಿ ಉಳ್ಳಾಲದಿಂದಾಗಲಿ ಕ್ಯಾನಿನಲ್ಲಿ ಸಮುದ್ರದ ನೀರು ತಂದು ತೊಟ್ಟಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸಬೇಕು. ನೇತ್ರಾವತಿ, ಫಲ್ಗುಣಿ ನದಿಗಳು ಬೆಂಗ್ರೆಯ ಅಳಿವೆಯಲ್ಲಿ ಕಡಲಿಗೆ ಸುರಿಯುವ ಕೆಂಪು ನೀರಿನಿಂದಾಗಿ, ತೆರೆದ ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುವ ಲವಣಾಂಶ ದಡದಲ್ಲಿ ಈಗ ತೀರಾ ಇಳಿದಿರುತ್ತದೆ.

ಆರ್‌ಓ ನೀರಿಗೆ ಸಮುದ್ರ ಅಕ್ವೇರಿಯಂಗೆಂದೇ ಇರುವ ಉಪ್ಪಿನ ಮಿಶ್ರಣವನ್ನು ಬೇರೆ ಡ್ರಮ್ಮಿನಲ್ಲೇ ಬೆರೆಸಿ, ಪಂಪ್ ಓಡಿಸಿ, ನೀರು ಪೂರ್ತಿ ತಿಳಿಯಾಗಿ ತೊಟ್ಟಿಯಷ್ಟೇ ಬೆಚ್ಚಗಾದ ನಂತರ ಅಳೆಯಿರಿ. ಲವಣಾಂಶ ಅಳೆಯುವ ಉಪಕರಣವಾದ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳದಡಿ ಗುಳ್ಳೆ ನಿಲ್ಲದಂತೆ ನೋಡಿ, ಅರ್ಧ ನಿಮಿಷ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ ಬಿಳಿ ಕೂಡುವ ಗೆರೆ 35ರಲ್ಲಿ ಕಾಣಬೇಕು. ಕಳೆದ ವರ್ಷ ನನ್ನ ಉಪಕರಣವನ್ನು ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿಕೊಂಡು ನಂಬಿದ್ದರಿಂದ ಎರಡು ಸಿಗಡಿಗಳನ್ನು ಕಳೆದುಕೊಂಡೆ. ಆದ್ದರಿಂದ 35ರ ಪರೀಕ್ಷಾ ದ್ರಾವಣದಲ್ಲೇ ಹೊಂದಿಸಿಕೊಳ್ಳಿ.

ಹಲವರು ಎಡವುವುದು ಕ್ರಮದಲ್ಲಿ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. 100 ಲೀಟರಿನಲ್ಲಿ 3 ಲೀಟರ್ ಆರಿದರೆ 35 ಇದ್ದದ್ದು 36 ದಾಟುತ್ತದೆ. ಹಾಗಾಗಿ ಮೊದಲು ಸಿಹಿನೀರು ಹಾಕಿ ಗುರುತಿನ ಗೆರೆಗೆ ತಂದು, ಪಂಪಿನಿಂದ ಚೆನ್ನಾಗಿ ಬೆರೆತ ಮೇಲಷ್ಟೇ ಹಳೆಯ ನೀರನ್ನು ತೆಗೆದು, ತೆಗೆದಷ್ಟೇ ಉಪ್ಪುನೀರು ತುಂಬಿಸಿ. ಮಟ್ಟ ಕುಸಿದಾಗ ಅದನ್ನು ಉಪ್ಪುನೀರಿನಿಂದ ಸರಿಗಟ್ಟಿದರೆ ಲವಣಾಂಶ ವಾರ ವಾರವೂ ಏರುತ್ತಾ ಹೋಗುತ್ತದೆ.

ಈಗಾಗಲೇ ವ್ಯತ್ಯಾಸವಾಗಿದ್ದರೆ ದಿನಕ್ಕೆ 1ಕ್ಕಿಂತ ಹೆಚ್ಚು ಬದಲಿಸದೆ ನಿಧಾನವಾಗಿ ಸರಿಪಡಿಸಿ. ಅಳತೆಯಲ್ಲಿ ಅನುಮಾನವಿರುವವರು ಒಂದು ಸಣ್ಣ ಬಾಟಲಿ ನೀರು ತಂದರೆ ನನ್ನ ಉಪಕರಣದಲ್ಲಿ ನೋಡಿ ಹೇಳುತ್ತೇನೆ.